ಹುಟ್ಟು ಯಾರ ಕೈಯಲ್ಲಿ?

ಎಡೆದೊರೆನಾಡಿನ ನಡುವೆ, ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ನಿಂತು ಸುತ್ತಲೂ ಕಣ್ಣು ಹಾಯಿಸಿದವರಿಗೆ ದೋಣಿಯ ನೆನಪು ಬರಲು ಕಾರಣವೇ ಇಲ್ಲ. ಬಡಗಲಲ್ಲಿ ಕೃಷ್ಣೆ ಇದ್ದಾಳೆ, ತೆಂಕಲಲ್ಲಿ ತುಂಗಭದ್ರೆ. ಆದರೂ ಎರಡು ಹೊಳೆಗಳ ನಡುವಿನ ಈ ನೆಲ ಮುಗಿಲನ್ನೇ ನಂಬಿಕೊಂಡು ಬಂದದ್ದು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ತಮ್ಮ ಹೊಲಗಳಿಗೂ ಬರಲೆಂದು ರೈತರು 2020ರ ಕೊನೆಯಲ್ಲಿ ಧರಣಿ ಕುಳಿತದ್ದು ಇದೇ ಊರಿನಲ್ಲಿ. 2021ರ ಮಸ್ಕಿ ಉಪಚುನಾವಣೆಯಲ್ಲಿಯೂ ಅದೇ ಮಾತು ಹಳ್ಳಿಹಳ್ಳಿಯಲ್ಲಿ ಕೇಳಿಬಂದಿತ್ತು.

ಇಂಥ ಊರಿನ ಗೃಹಿಣಿಯೊಬ್ಬಳಿಗೆ, ಭೂಮಿಯ ಆಚೆಯ ಮಗ್ಗುಲಲ್ಲಿ ಕೆರಿಬಿಯನ್ ಎಂಬುದೊಂದು ಕಡಲಿದೆ, ಅಲ್ಲಿ ಗಂಡ ಹೆಂಡಿರಿಬ್ಬರೇ ಹಾಯಿದೋಣಿಯನ್ನೇ ಮನೆ ಮಾಡಿಕೊಂಡು ವರ್ಷಗಟ್ಟಲೆ ತಿರುಗುತ್ತಾರೆ ಎಂದು ಹೇಳಿದರೆ, ಆಕೆಯ ಮೊದಲನೆಯ ಪ್ರಶ್ನೆ ಚಂದ್ರೋದಯವನ್ನು ಕುರಿತಾಗಲಿ, ನೀಲಿ ಅಲೆಗಳನ್ನು ಕುರಿತಾಗಲಿ ಇರಲಾರದು. ಕುಡಿಯುವ ನೀರಿಗೆ ಏನು ಮಾಡುತ್ತಾರೆ? ಇದೇ ಸರಿಯಾದ ಪ್ರಶ್ನೆ. ದೋಣಿಯ ಸಂಸಾರದಲ್ಲಿ ಸಿಹಿನೀರು ತುಪ್ಪಕ್ಕೆ ಸಮಾನ. ಪಾತ್ರೆಗಳನ್ನು ಉಪ್ಪುನೀರಿನಲ್ಲಿ ಉಜ್ಜಿ ತೊಳೆದು, ಕೊನೆಗೊಮ್ಮೆ ಮಾತ್ರ ಒಂದು ಲೋಟ ಸಿಹಿನೀರಿನಲ್ಲಿ ಜಾಲಾಡಿಸುವುದು ಅಲ್ಲಿನ ವಾಡಿಕೆ. ಮಳೆ ಬಂದರೆ ಬಟ್ಟೆಯ ಚಪ್ಪರ ಕಟ್ಟಿ ಹನಿಯನ್ನು ಹಿಡಿದಿಡುತ್ತಾರೆ. ಕೊಡ ಹೊತ್ತು ಬಲ್ಲವಳಿಗೆ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ.

ಆಂಟಿಗುವಾದಿಂದ ಗ್ರೆನೇಡಾದವರೆಗೆ ಆ ಕಡಲಿನ ಅಂಚಿನಲ್ಲಿ ದ್ವೀಪಗಳು ಪೋಣಿಸಿದಂತಿವೆ. ಒಂದರಿಂದ ಇನ್ನೊಂದಕ್ಕೆ ಬಹುಮಟ್ಟಿಗೆ ಒಂದು ಹಗಲಿನ ಪಯಣ. ಮೂಡಣದಿಂದ ಬೀಸುವ ವಾಣಿಜ್ಯಮಾರುತ ದೋಣಿಯನ್ನು ಗಂಟೆಗೆ ಹತ್ತು ಕಿಲೋಮೀಟರಿನಂತೆ ಒಯ್ಯುತ್ತದೆ. ಸೈಕಲ್ಲಿನ ವೇಗವೂ ಅದಕ್ಕಿಂತ ಹೆಚ್ಚೇ! ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಆಗ ಅನೇಕರು ಗ್ರೆನೇಡಾ, ಟ್ರಿನಿಡಾಡ್‌ಗಳ ಕಡೆಗೆ ಇಳಿದು ಬಿಡುತ್ತಾರೆ. ರಾಯಚೂರು ಸೀಮೆಯವರು ಇದನ್ನು ಗುಳೆ ಎಂದೇ ಕರೆದಾರು. ಗುಳೆ ಹೋದರೂ ಭದ್ರವೆಂದು ಹೇಳುವಂತಿಲ್ಲ. 2024ರ ಜುಲೈ 1ರಂದು ಗ್ರೆನೇಡಾಕ್ಕೆ ಸೇರಿದ ಕ್ಯಾರಿಯಾಕೂ ದ್ವೀಪದ ಮೇಲೆಯೇ ಚಂಡಮಾರುತ ಎರಗಿತು. ಕಾಂಡ್ಲಾ ಮರಗಳ ಮರೆಯಲ್ಲಿ ಕಟ್ಟಿಹಾಕಿದ್ದ ದೋಣಿಗಳು ಒಂದರ ಮೇಲೊಂದು ಮಗುಚಿಬಿದ್ದವು.

ಇದೆಲ್ಲ ಹೊರಗಿನ ಗಾಳಿಯ ಮಾತಾಯಿತು. ಒಳಗಿನ ಗಾಳಿಯ ಸಂಗತಿ ಬೇರೆ. ಮನೆಯಲ್ಲಿ ಮಾತಿಗೆ ಮಾತು ಬೆಳೆದರೆ ಯಜಮಾನರು ಚಪ್ಪಲಿ ಮೆಟ್ಟಿ ಬೀದಿಗಿಳಿಯಬಹುದು. ಗೃಹಿಣಿ ತವರಿನ ದಾರಿ ಹಿಡಿಯುವೆನೆಂದು ಬೆದರಿಸಬಹುದು. ಎರಿಕ್ ಹಿಸ್ಕಾಕ್ ಮತ್ತು ಸೂಸನ್ ಎಂಬ ಇಂಗ್ಲಿಷ್ ದಂಪತಿಗಳು 1952ರಿಂದ 1955ರವರೆಗೆ 'ವಾಂಡರರ್' ಎಂಬ ತಮ್ಮ ದೋಣಿಯಲ್ಲಿ ಇಡೀ ಭೂಮಂಡಲವನ್ನು ಸುತ್ತಿ ಬಂದರು. ಆ ದೋಣಿಯ ಉದ್ದ ಮೂವತ್ತು ಅಡಿ. ಮೂವತ್ತು ಅಡಿಯೊಳಗೆ ತವರುಮನೆ ಎಲ್ಲಿಂದ ಬರಬೇಕು?

ಬಂದರು ಸೇರಿದ ದೋಣಿ ಮೊದಲು ಹಳದಿ ಬಾವುಟ ಏರಿಸಬೇಕು. ಬಳಿಕ ನಾಯಕನಾದವನು ದಡಕ್ಕಿಳಿದು ಕಚೇರಿಯ ಕಾಗದಗಳಿಗೆ ರುಜು ಹಾಕಬೇಕು. ಆ ಕಾಗದದಲ್ಲಿ ಸಾಮಾನ್ಯವಾಗಿ ನಾಯಕ ಎಂದರೆ ಗಂಡ. ಸಿಬ್ಬಂದಿ ಎಂದರೆ ಹೆಂಡತಿ. ಬರಿಯ ಕಾಗದದ ಮಾತಾಗಿದ್ದರೆ ಚಿಂತೆಯಿರಲಿಲ್ಲ. ಅನೇಕ ದೋಣಿಗಳಲ್ಲಿ ಹಾಯಿ, ಚುಕ್ಕಾಣಿ, ನಕಾಶೆ ಎಲ್ಲವೂ ಅವನವು, ಒಲೆ ಅವಳದು. ನಡುರಾತ್ರಿಯಲ್ಲಿ ಅವನು ಕಾಲುಜಾರಿ ನೀರಿಗೆ ಬಿದ್ದರೆ? ದೋಣಿಯನ್ನು ತಿರುಗಿಸಿ ತಂದು ಗಂಡನನ್ನು ಮೇಲೆತ್ತುವ ವಿದ್ಯೆ ಆಕೆಗೆ ಗೊತ್ತಿಲ್ಲದಿದ್ದರೆ, ಇಬ್ಬರೂ ಉಳಿಯುವ ಬಗೆ ಹೇಗೆ?

ಇಲ್ಲಿ ಬೆರಿಲ್ ಸ್ಮೀಟನ್ ಎಂಬ ಮಹಿಳೆಯ ಕಥೆಯನ್ನು ನೆನೆಯಬೇಕು. ಆಕೆಯ ಪತಿ ಮೈಲ್ಸ್ ಬ್ರಿಟಿಷರ ಕಾಲದ ಭಾರತೀಯ ಸೇನೆಯಲ್ಲಿ ಅಧಿಕಾರಿಯಾಗಿದ್ದವರು. ಹಾಯಿ ಕಟ್ಟುವುದನ್ನು ಹೆಚ್ಚಾಗಿ ಅರಿಯದ ಕಾಲದಲ್ಲಿಯೇ ದಂಪತಿಗಳು 'ತ್ಸು ಹಾಂಗ್' ಎಂಬ ದೋಣಿಯನ್ನು ಕೊಂಡು, ಇಂಗ್ಲೆಂಡಿನಿಂದ ಪನಾಮಾ ಮಾರ್ಗವಾಗಿ ಕೆನಡಾಕ್ಕೆ ಹೋದವರು. 1957ರ ಫೆಬ್ರವರಿ 14ರಂದು ಅವರು ಆಸ್ಟ್ರೇಲಿಯಾದಿಂದ ದಕ್ಷಿಣ ಅಮೆರಿಕದ ತುದಿಯಾದ ಹಾರ್ನ್ ಭೂಶಿರದ ಕಡೆಗೆ ಸಾಗುತ್ತಿದ್ದರು. ಜೊತೆಗೆ ಜಾನ್ ಗಝ್‌ವೆಲ್ ಎಂಬ ತರುಣ ನಾವಿಕನಿದ್ದ. ಗಂಡಸರಿಬ್ಬರೂ ಒಳಗೆ, ಚುಕ್ಕಾಣಿ ಹಿಡಿದು ಹೊರಗಿದ್ದವಳು ಬೆರಿಲ್. ಹಿಂದಿನಿಂದ ಗೋಡೆಯಂತೆ ಎದ್ದು ಬಂದ ಅಲೆ ದೋಣಿಯನ್ನು ಹಿಂದುಮುಂದಾಗಿ ಮಗುಚಿತು. ಆಕೆಯ ಸೊಂಟದ ಹಗ್ಗ ಹರಿಯಿತು. ಕೂವೆಕಂಬಗಳು ಎರಡೂ ಮುರಿದವು, ಕೋಣೆಯ ಮಾಡು ಕಿತ್ತುಹೋಯಿತು, ಒಳಗೆಲ್ಲ ನೀರು. ಮೈಲ್ಸ್ ಮೇಲೆ ಬಂದು ನೋಡಿದಾಗ ಹೆಂಡತಿ ಮೂವತ್ತು ಗಜ ದೂರದಲ್ಲಿ ತೇಲುತ್ತಿದ್ದಳು. ಭುಜಕ್ಕೆ ಪೆಟ್ಟು ಬಿದ್ದಿತ್ತು. ತೇಲುತ್ತಿದ್ದ ಮುರಿದ ಕಂಬದ ಹಗ್ಗಗಳನ್ನು ಹಿಡಿದು ದೋಣಿಯ ಬಳಿಗೆ ಬಂದಳು. ಗಂಡಸರು ಮೇಲೆಳೆದುಕೊಂಡ ಮೇಲೆ, ಇನ್ನು ಮುಗಿಯಿತೆಂದು ಮೈಲ್ಸ್ ಎದೆಗುಂದಿದ್ದ ವೇಳೆಯಲ್ಲಿ, ಬಕೆಟ್ಟು ಹುಡುಕಿ ನೀರೆತ್ತಿ ಚೆಲ್ಲುವ ಮಾತು ಮೊದಲು ಬಂದದ್ದು ಆಕೆಯ ಬಾಯಿಂದ!

ಆ ಮುರುಕು ದೋಣಿ ಚಿಲಿ ದೇಶದ ದಡ ಮುಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ದಂಪತಿಗಳಿಬ್ಬರೇ ಮತ್ತೆ ಹೊರಟರು. ದೋಣಿ ಮತ್ತೆ ಮಗುಚಿತು. 'ಒಂದೇ ಸಲ ಸಾಕು' ಎಂಬ ಅರ್ಥದ ಹೆಸರಿಟ್ಟು ಮೈಲ್ಸ್ 1959ರಲ್ಲಿ ಪುಸ್ತಕ ಬರೆದರು. ಪುಸ್ತಕದ ಹೆಸರಿಗೆ ಅವರೇ ಬೆಲೆ ಕೊಡಲಿಲ್ಲವೆಂಬುದು 1968ರಲ್ಲಿ ತಿಳಿಯಿತು. ಆ ವರ್ಷ ಗಂಡ ಹೆಂಡಿರು ಹಾರ್ನ್ ಭೂಶಿರವನ್ನು ದಾಟಿಯೇ ಬಿಟ್ಟರು.

ಕಡಲಿನಿಂದ ಹೊಳೆಗೆ ಹಿಂದಿರುಗೋಣ. ಪಾಮನಕಲ್ಲೂರಿಗೆ ಹೊಳೆಯಿಲ್ಲದಿದ್ದರೂ ಎಡೆದೊರೆನಾಡು ದೋಣಿಯನ್ನು ಅರಿಯದ ನಾಡಲ್ಲ. ಲಿಂಗಸುಗೂರು ತಾಲ್ಲೂಕಿನ ಕೃಷ್ಣೆಯ ನಡುಗಡ್ಡೆಗಳಲ್ಲಿ ಸಂಸಾರಗಳಿವೆ. ಹೊಳೆ ಉಕ್ಕಿದರೆ ಅವು ದಡದ ಸಂಪರ್ಕವನ್ನೇ ಕಳೆದುಕೊಳ್ಳುತ್ತವೆ. ಹರಿಗೋಲು ಇಲ್ಲಿ ಬಹು ಹಳೆಯದು. ಐನೂರು ವರ್ಷಗಳ ಹಿಂದೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ತೊಗಲು ಹೊದಿಸಿದ ಈ ದುಂಡನೆಯ ಬುಟ್ಟಿಗಳಲ್ಲಿ ಜನ ಹೊಳೆ ದಾಟುವುದನ್ನು ಕಂಡು ಬೆರಗಿನಿಂದ ಬರೆದಿಟ್ಟ. ಇಂದು ತೊಗಲಿನ ಬದಲು ಡಾಂಬರು ಬಳಿದ ಬಟ್ಟೆ, ಪ್ಲಾಸ್ಟಿಕ್ ಹಾಳೆಗಳು ಬಂದಿವೆ. ಬಿದಿರಿನ ಹೆಣಿಗೆ ಮಾತ್ರ ಅದೇ.

ಹರಿಗೋಲಿಗೆ ಮುಂದೆಂಬುದಿಲ್ಲ, ಹಿಂದೆಂಬುದಿಲ್ಲ. ಹುಟ್ಟು ಹಾಕುವ ಕೈ ತಪ್ಪಿದರೆ ಬುಗುರಿಯಂತೆ ನಿಂತಲ್ಲೇ ತಿರುಗುತ್ತದೆ. ಜಲಾಶಯಗಳಲ್ಲಿ ಮೀನು ಹಿಡಿಯುವ ಗಂಡ ಹೆಂಡಿರು ಸಂಜೆ ಬಲೆ ಬಿಟ್ಟು, ನಸುಕಿನಲ್ಲಿ ಅದನ್ನು ಎಳೆಯುತ್ತಾರೆ. ಬಲೆ ಅವನ ಕೈಯಲ್ಲಿ. ಹುಟ್ಟು ಅನೇಕ ವೇಳೆ ಅವಳ ಕೈಯಲ್ಲಿ. ಗಾಳಿಯೆದ್ದು ನೀರು ಕುಣಿಯುವಾಗ, ಅವನು ಅಂಚಿಗೆ ಬಾಗಿ ಭಾರವಾದ ಬಲೆಯನ್ನು ಎಳೆಯುತ್ತಿರಲು, ಬುಟ್ಟಿ ಒಂದು ಕಡೆಗೆ ವಾಲದಂತೆ ಎದುರು ಮಗ್ಗುಲಿಗೆ ಸರಿದು ಕೂರುವವಳು ಆಕೆ. ಅವರಿಗೆ ನಾಯಕ, ಸಿಬ್ಬಂದಿ ಎಂದು ರುಜು ಕೇಳುವ ಕಚೇರಿಯಿಲ್ಲ. ದಡದಲ್ಲಿ ನಿಂತವರು ಮಾತ್ರ ಬುಟ್ಟಿಯಲ್ಲಿನ ಮೀನನ್ನು ನೋಡಿ, ಇಂದು ಇಂಥವನು ಚೆನ್ನಾಗಿ ಹಿಡಿದ ಎನ್ನುತ್ತಾರೆ.

ಕನ್ನಡದಲ್ಲಿ ಹುಟ್ಟು ಎಂದರೆ ದೋಣಿ ನಡೆಸುವ ಕೋಲು. ಗಡಿಗೆಯಲ್ಲಿ ತಿರುವುವ ಮರದ ಸೌಟಿಗೂ ಅದೇ ಹೆಸರು. ಬಿಸಿಲೇರುವ ಹೊತ್ತಿಗೆ ಅವನು ಹರಿಗೋಲನ್ನು ಬೆನ್ನಿಗೇರಿಸಿ ಆಮೆಯಂತೆ ದಡ ಹತ್ತುತ್ತಾನೆ. ಒಂದು ಹುಟ್ಟನ್ನು ಹೆಗಲಿಗೊರಗಿಸಿಕೊಂಡು ಹಿಂದೆ ಬಂದ ಆಕೆ, ಅದನ್ನು ಗುಡಿಸಲ ಗೋಡೆಗೆ ಆನಿಸಿ, ಒಲೆಯ ಮುಂದೆ ಕುಳಿತು ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತಾಳೆ.