ದುಡ್ಡು ಮೊದಲೋ, ಫೈಲು ಮೊದಲೋ?

ದನದ ಸಂತೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಆಮೇಲೆ ದುಡ್ಡು ಎಣಿಸಿ ಕೊಟ್ಟು ಹಗ್ಗ ಹಿಡಿಯುತ್ತಾರೆ. ನಮ್ಮ ಸರಕಿಗೆ ಆ ಭಾಗ್ಯವಿಲ್ಲ. ಹಳ್ಳಿಯಲ್ಲಿ ಕೂತು ಸುದ್ದಿ, ಫೋಟೊ, ವಿಡಿಯೊ ಮಾರುವವರು ನಾವು. ತೋರಿಸಿದರೆ ಕೊಟ್ಟಂತೆಯೇ.

ಕಳೆದ ಮಳೆಗಾಲ ಕೆರೆ ಕೋಡಿ ಬಿದ್ದ ವಿಡಿಯೊವನ್ನು ಒಬ್ಬರು "ಕಳಿಸಿ, ನೋಡಿ ಹೇಳ್ತೀವಿ" ಎಂದು ತರಿಸಿಕೊಂಡರು. ವಿಡಿಯೊ ಎಲ್ಲ ಕಡೆ ಓಡಾಡಿತು. ದುಡ್ಡು ಬರಲಿಲ್ಲ, ಫೋನೂ ಎತ್ತಲಿಲ್ಲ. ಕೊಳ್ಳುವವರ ಭಯವೂ ಸುಳ್ಳಲ್ಲ: ದುಡ್ಡು ಹಾಕಿದ ಮೇಲೆ ನಾವು ಬೇರೇನೋ ಕಳಿಸಿದರೆ?

ಈ ಗಂಟು ಹಳೆಯದು. ಇಬ್ಬರೂ ನಂಬುವ ಮೂರನೆಯವರಿಲ್ಲದೆ ಇಂಥ ವ್ಯಾಪಾರ ಪೂರ್ತಿ ನ್ಯಾಯವಾಗಿ ನಡೆಯದು ಎಂದು ಜರ್ಮನಿಯ ಪಾಗ್ನಿಯಾ ಮತ್ತು ಗಾರ್ಟ್ನರ್ 1999ರಲ್ಲೇ ತೋರಿಸಿದ್ದರು. ಸಂತೆಯ ದಲ್ಲಾಳಿಯಂಥ ಒಬ್ಬರು ಬೇಕೇ ಬೇಕು.

ಆ ದಲ್ಲಾಳಿ ಮನುಷ್ಯನೇ ಆಗಬೇಕೇ? ಗ್ರೆಗ್ ಮ್ಯಾಕ್ಸ್‌ವೆಲ್ ಎಂಬ ತಂತ್ರಜ್ಞ ಆ ಕೆಲಸವನ್ನು ಬಿಟ್‌ಕಾಯಿನ್ ಜಾಲಕ್ಕೇ ಒಪ್ಪಿಸಿದರು. 2016ರ ಫೆಬ್ರವರಿಯಲ್ಲಿ ಶಾನ್ ಬೋ ಎಂಬವರಿಂದ ಒಂದು ದೊಡ್ಡ ಸುಡೊಕುವಿನ (ಉದ್ದ 16 ಮನೆ, ಅಗಲ 16 ಮನೆ) ಉತ್ತರವನ್ನು 0.10 ಬಿಟ್‌ಕಾಯಿನ್‌ಗೆ ಕೊಂಡರು. ಬಾರ್ಬಡೋಸ್ ದ್ವೀಪದ ಸಮ್ಮೇಳನವೊಂದರಲ್ಲಿ ಎಲ್ಲರೆದುರೇ ಈ ವ್ಯಾಪಾರ ನಡೆಯಿತು.

ಅದರ ಬಗೆ ಹೀಗೆ. ಮಾರುವವರು ಉತ್ತರವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಕಳಿಸುತ್ತಾರೆ. ಒಳಗಿರುವುದು ಸರಿಯುತ್ತರವೇ, ಕೀಲಿಕೈಯ ಗುರುತು ಇದೇ ಎಂಬುದಕ್ಕೆ ಗಣಿತದ ಪುರಾವೆಯೂ ಜೊತೆಗಿರುತ್ತದೆ. ಗುರುತು ನೋಡಿ ಕೀಲಿಕೈ ಮಾಡಲಾಗದು; ಕೀಲಿಕೈ ಸಿಕ್ಕರೆ ಅದೇ ಹೌದೋ ಅಲ್ಲವೋ ಎಂದು ಯಾರು ಬೇಕಾದರೂ ತಾಳೆ ನೋಡಬಹುದು. ಕೊಳ್ಳುವವರು ದುಡ್ಡನ್ನು ಜಾಲದಲ್ಲಿಟ್ಟು ಷರತ್ತು ಹಾಕುತ್ತಾರೆ: ಈ ಗುರುತಿನ ಕೀಲಿಕೈ ತೋರಿಸಿದರೆ ದುಡ್ಡು ನಿಮ್ಮದು, ಗಡುವು ಮುಗಿದರೆ ನನಗೇ ವಾಪಸ್. ದುಡ್ಡು ಎತ್ತಲು ಕೀಲಿಕೈ ತೋರಿಸಲೇಬೇಕು. ತೋರಿಸಿದರೆ ಪೆಟ್ಟಿಗೆ ತೆರೆಯಿತು.

ಇದನ್ನು ಓದಿ ನಮಗೂ ಆಸೆಯಾಯಿತು. ಆದರೆ ಸುಡೊಕು ಸರಿಯೋ ತಪ್ಪೋ ಎಂದು ಹೇಳಬಲ್ಲ ಗಣಿತ, ವಿಡಿಯೊದಲ್ಲಿರುವ ಕೆರೆ ನಮ್ಮೂರಿನದೇ, ಈ ವರ್ಷದ್ದೇ ಎಂದು ಹೇಳಲಾರದು. ಅದಕ್ಕೆ ನಾವು ಉಳಿಸಿಕೊಂಡ ಹೆಸರೇ ಪುರಾವೆ.

ಸದ್ಯಕ್ಕೆ ನಾವು ಮಾಡುತ್ತಿರುವುದು ಇಷ್ಟು. ಮೊದಲು ಹೆಸರು ಅಚ್ಚೊತ್ತಿದ ಹತ್ತು ಸೆಕೆಂಡಿನ ಮಸುಕು ತುಣುಕು. ದುಡ್ಡು ಬಂದ ಮೇಲೆ ಪೂರ್ತಿ ವಿಡಿಯೊ. "ಹಾಕಿದ್ದೀನಿ" ಎನ್ನುವ ಸ್ಕ್ರೀನ್‌ಶಾಟ್ ನಂಬದೆ ಖಾತೆಯನ್ನೇ ನೋಡುತ್ತೇವೆ. ನೀವು ಹಾಲು, ಅಡಿಕೆ, ಕುರಿ ಮಾರುವವರಾದರೂ ಇದು ಅನ್ವಯಿಸುತ್ತದೆ. ಇನ್ನೊಂದು ಮಾತು: ದುಡ್ಡು ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ. ಒತ್ತಿ ಎಂದವರು ದುಡ್ಡು ಕೊಡಲು ಬಂದವರಲ್ಲ.