ಬಾಯಿ ಬಿಟ್ಟರೆ ಜೋಕೆ

ರಾಜಾಜಿನಗರದ ನವರಂಗ್‌ನಲ್ಲಿ ಎರಡನೇ ಆಟ. ಅಣ್ಣಾವ್ರ ಹಳೆಯ ಚಿತ್ರವೊಂದನ್ನು ಮತ್ತೆ ಹಾಕಿದ್ದಾರೆ ಅಂದುಕೊಳ್ಳಿ, 1976ರ ‘ಪ್ರೇಮದ ಕಾಣಿಕೆ’. ಟಾರ್ಚ್ ಬೆಳಕು ತೋರಿಸಿದ ಸೀಟಿಗೆ ನಾಲ್ಕೈದು ಜನರ ಮೊಣಕಾಲು ದಾಟಿಕೊಂಡು ಹೋಗಿ ಕೂರುತ್ತೀರಿ. ಕಡಲೆಕಾಯಿ ಸಿಪ್ಪೆ ಕಾಲಡಿ ಚಟಪಟ ಅನ್ನುತ್ತದೆ. ಮುಂದಿನ ಸಾಲಿನವರ ತಲೆಯಿಂದ ಕೊಬ್ಬರಿ ಎಣ್ಣೆಯ ವಾಸನೆ. ತೆರೆಯ ಮೇಲೆ ಸಲೀಂ–ಜಾವೇದ್ ಹೆಸರು ಬರುತ್ತದೆ. ಹಿಂದಿನ ವರ್ಷವಷ್ಟೇ ‘ದೀವಾರ್’, ‘ಶೋಲೆ’ ಕೊಟ್ಟ ಜೋಡಿ. ನಿರ್ದೇಶಕರು ವಿ. ಸೋಮಶೇಖರ್. ಶಿಳ್ಳೆ ನಿಲ್ಲುವ ಹೊತ್ತಿಗೆ ರೈಲು ಹೊರಟಿದೆ.

ಪಕ್ಕದ ಸೀಟಿನವರು ಕೆಂಗೇರಿಯವರು. ಮೈಸೂರು ರೈಲಿನ ಸದ್ದು ಕೇಳಿಕೊಂಡೇ ಮಲಗುವ ಜನ. ಅವರೂ ಸೀಟಿನ ತುದಿಗೆ ಬಂದು ಕೂತಿದ್ದಾರೆ.

ಈಗ ನೀವು ಸೀತಾ. ಆ ಪಾತ್ರ ಮಾಡಿದ ಆರತಿಯ ಕಣ್ಣೇ ನಿಮ್ಮ ಕಣ್ಣು. ಮೇಷ್ಟರ ಕೆಲಸ ಸಿಕ್ಕಿದೆ, ದೂರದ ಎಸ್ಟೇಟಿನಲ್ಲಿ ಮಗುವೊಂದಕ್ಕೆ ಪಾಠ ಹೇಳಿಕೊಡಬೇಕು. ಹಳಿಯ ಸದ್ದು ಕಾಲಿನಿಂದ ಹತ್ತಿ ಹಲ್ಲಿಗೆ ಬಡಿಯುತ್ತಿದೆ. ಆಗ ನೋಡಬಾರದ್ದನ್ನು ನೋಡುತ್ತೀರಿ. ಕೊಲೆ. ಕಿರುಚಬೇಕು, ಗಂಟಲು ಒಣಗಿದೆ. ಓಡಬೇಕು, ಕಾಲು ಏಳುತ್ತಿಲ್ಲ. ಕೊಂದವನ ಮುಖ ಕಂಡಿದೆ. ಅದು ರಾಜ್‌ಕುಮಾರ್ ಮುಖ.

ಇಡೀ ಥಿಯೇಟರ್ ಉಸಿರು ಹಿಡಿದಿದೆ. ‘ಬಂಗಾರದ ಮನುಷ್ಯ’ದ ರಾಜೀವ ಅವರು, 1975ರ ಮಯೂರ ಅವರು. ಹಿಂದಿನ ಸಾಲಿನಿಂದ ಒಂದು ದನಿ: “ಅಣ್ಣಾವ್ರು ಸುಮ್‌ಸುಮ್ನೆ ಮಾಡಿರಲ್ಲ ಬಿಡ್ರಿ.”

ಕಾರಣ ಇನ್ನೂ ಯಾರಿಗೂ ಗೊತ್ತಿಲ್ಲ. ಆದರೂ ತೀರ್ಪು ಬಂದುಬಿಟ್ಟಿತು.

ಎಸ್ಟೇಟು ತಲುಪುತ್ತೀರಿ. ದೊಡ್ಡ ಮನೆ, ದೂರ ದೂರದವರೆಗೆ ಬೇರೆ ದೀಪವಿಲ್ಲ. ಯಜಮಾನರು ಬರುತ್ತಿದ್ದಾರೆ. ಮೊದಲು ಹೆಜ್ಜೆ ಸದ್ದು, ಆಮೇಲೆ ಮುಖ. ಅದೇ ಮುಖ. ಹೊಟ್ಟೆಯೊಳಗೆ ಏನೋ ಕುಸಿಯುತ್ತದೆ, ಅಂಗೈ ತಣ್ಣಗಾಗುತ್ತದೆ. ಆತನಿಗೂ ಗೊತ್ತು, ನಿಮಗೆ ಗೊತ್ತೆಂದು. ಬಾಯಿ ಬಿಟ್ಟರೆ ಜೋಕೆ. ಇಲ್ಲಿಂದ ಹೋಗುವಂತಿಲ್ಲ. ಕೂಗಿದರೆ ಕೇಳುವವರಿಲ್ಲ. ಕೂಗದಿದ್ದರೆ ಈ ರಾತ್ರಿ, ನಾಳೆ ರಾತ್ರಿ, ಇದೇ ಸೂರಿನ ಕೆಳಗೆ. ಆತ ದುಡ್ಡು ಕೇಳುತ್ತಿಲ್ಲ, ನಿಮ್ಮ ಮೌನ ಕೇಳುತ್ತಿದ್ದಾನೆ. ದುಡ್ಡಾದರೆ ಒಂದು ಸಲ ಕೊಟ್ಟು ಕೈ ತೊಳೆದುಕೊಳ್ಳಬಹುದು. ಮೌನವನ್ನು ದಿನಾ ಬೆಳಿಗ್ಗೆ ಎದ್ದು ಹೊಸದಾಗಿ ಕೊಡಬೇಕು, ಕೊಟ್ಟಷ್ಟೂ ನೀವೂ ಪಾಲುದಾರರಾಗುತ್ತೀರಿ.

ಹಾಲಿವುಡ್ಡಿನ ಕಪ್ಪು ನೆರಳಿನ ಚಿತ್ರಗಳಿಗೆ ಇಂಥ ಬೆದರಿಕೆ ಹೊಸದಲ್ಲ. ಮ್ಯಾಕ್ಸ್ ಒಫ್ಯೂಲ್ಸ್ 1949ರಲ್ಲಿ ತೆಗೆದ ‘ದಿ ರೆಕ್‌ಲೆಸ್ ಮೊಮೆಂಟ್’ನಲ್ಲಿ ಜೇಮ್ಸ್ ಮೇಸನ್ ಒಬ್ಬ ತಾಯಿಯ ಮನೆಗೆ ಬರುತ್ತಾನೆ. ಕೈಯಲ್ಲಿ ಅವಳ ಮಗಳು ಬರೆದ ಪ್ರೇಮಪತ್ರಗಳು, ಬಾಯಲ್ಲಿ ಐದು ಸಾವಿರ ಡಾಲರಿನ ಲೆಕ್ಕ. ಬೆದರಿಸಲು ಬಂದವನೇ ಆ ತಾಯಿಯನ್ನು, ಜೋನ್ ಬೆನೆಟ್‌ಳನ್ನು, ಪ್ರೀತಿಸತೊಡಗುತ್ತಾನೆ, ಆ ಪ್ರೀತಿಗಾಗಿ ಪ್ರಾಣ ಕಳೆದುಕೊಳ್ಳುತ್ತಾನೆ. ಮೇಸನ್ ಮೇಲೆ ನಮಗೆ ಮೊದಲೇ ಯಾವ ಋಣವೂ ಇರಲಿಲ್ಲ, ಅವನನ್ನು ಅಳೆದು ನೋಡಲು ನಮಗೆ ಪುರಸೊತ್ತಿತ್ತು. ನವರಂಗ್‌ನಲ್ಲಿ ಆ ಪುರಸೊತ್ತೇ ಇಲ್ಲ.

ಮಗು ಬರುತ್ತದೆ. ಅದು ರಾಜ್‌ಕುಮಾರ್ ಅವರ ಸ್ವಂತ ಮಗಳು ಪೂರ್ಣಿಮಾ. ಆರು ತಿಂಗಳ ಕೂಸೊಂದು ಕಾಣಿಸಿದ್ದೇ ತಡ, ಥಿಯೇಟರ್ ಎದ್ದು ನಿಲ್ಲುತ್ತದೆ: “ಅಪ್ಪು!” ಹೌದು, ರಾಜ್‌ಕುಮಾರ್ ಮಗ ಪುನೀತ್. ಅವರು ತೀರಿಕೊಂಡ 2021ರ ಅಕ್ಟೋಬರ್ 29 ಕಂಡವರಿಗೆ ಆ ಕೂಗಿನೊಳಗೇ ಗಂಟಲು ಕಟ್ಟುತ್ತದೆ. ನಿಮಗೂ ಕಟ್ಟುತ್ತದೆ. ಈ ಮಕ್ಕಳ ಅಪ್ಪನನ್ನು ಪೊಲೀಸರಿಗೆ ಹಿಡಿದುಕೊಡುವುದು ಹೇಗೆ?

ಆದರೆ ನೀವು ಇನ್ನೂ ಸೀತಾ. ರಾತ್ರಿ ಚಿಲಕ ಹಾಕಿದ್ದೀರಿ, ಮತ್ತೊಮ್ಮೆ ಎದ್ದು ಮುಟ್ಟಿ ನೋಡುತ್ತೀರಿ. ವರಾಂಡದಲ್ಲಿ ಹೆಜ್ಜೆ. ಹತ್ತಿರ. ಇನ್ನೂ ಹತ್ತಿರ. ನಿಂತಿತು. ಉಸಿರು ಬಿಡಬೇಡಿ. ಹೋಯಿತು.

ಕೆಲವು ರೀಲು ಕಳೆಯುವುದರಲ್ಲಿ ಅದೇ ಹೆಜ್ಜೆಗೆ ಕಿವಿ ಕಾಯತೊಡಗುತ್ತದೆ. ಅಂಜಿಕೆ ಎಲ್ಲಿ ಮುಗಿಯಿತು, ಒಲವು ಎಲ್ಲಿ ಹುಟ್ಟಿತು? ಹಾಲು ಮೊಸರಾದ ಗಳಿಗೆಯನ್ನು ಬೆರಳಿಟ್ಟು ತೋರಿಸಲಾಗದು. ಉಪೇಂದ್ರ ಕುಮಾರ್ ಸಂಗೀತ, ರಾಜ್‌ಕುಮಾರ್ ದನಿ, ಎರಡೂ ಸೇರಿ ನಿಮ್ಮ ಭುಜ ಸಡಿಲಿಸುತ್ತವೆ. ಕೊಲೆಗಾರ ಹಾಡುತ್ತಿದ್ದಾನೆ, ನೀವು ತಲೆದೂಗುತ್ತಿದ್ದೀರಿ.

ಆಮೇಲೆ ಹಿಂದಿನ ಕಥೆ ಬಿಚ್ಚಿಕೊಳ್ಳುತ್ತದೆ. ಜಯಮಾಲಾ ಬರುತ್ತಾರೆ, ಕಳೆದುಹೋದ ಪ್ರೀತಿ ಬರುತ್ತದೆ, ರೈಲಿನ ಆ ಕೃತ್ಯಕ್ಕೆ ಕಾರಣ ಸಿಗುತ್ತದೆ. ಥಿಯೇಟರಿಗೆ ಸಮಾಧಾನ. ಹಿಂದಿನ ಸಾಲಿನವರು ಗೆದ್ದರು: “ನಾ ಹೇಳ್ಲಿಲ್ವಾ?”

ನನ್ನ ತಕರಾರು ಇಲ್ಲೇ. ಕಾರಣ ಕೊಲೆಗೆ ಸಿಕ್ಕಿತು, ಬೆದರಿಕೆಗೆ ಸಿಗಲಿಲ್ಲ. ಸೀತಾ ಯಾರಿಗೂ ಏನೂ ಮಾಡಿರಲಿಲ್ಲ, ಕಣ್ಣು ತೆರೆದು ರೈಲಿನಲ್ಲಿದ್ದಳು ಅಷ್ಟೇ. ಅವಳ ಬಾಯಿ ಮುಚ್ಚಿಸಿದ್ದು ಎಸ್ಟೇಟಿನ ಯಜಮಾನ, ಆ ಬಾಯಿ ಮುಚ್ಚೇ ಇರಲಿ ಅಂತ ಆಸೆಪಟ್ಟವರು ನಾವು. ಬಿಗಿಯಾದ ಚಿತ್ರ, ಇವತ್ತಿಗೂ ಎದೆ ಹೊಡೆಸುತ್ತದೆ, ನನಗೆ ಪ್ರಿಯವಾದ ಚಿತ್ರ. ಅದಕ್ಕೇ ಕೇಳುತ್ತಿದ್ದೇನೆ: ತೆರೆಯ ಮೇಲೆ ಬೇರೆ ಯಾವ ಮುಖವಿದ್ದರೂ ನಾವು ಆ ಆಸೆ ಪಡುತ್ತಿದ್ದೆವಾ?

ದೀಪ ಹತ್ತುತ್ತದೆ. ಹಿಂದಿನ ಸಾಲಿನವರು ಗೇಟಿನ ಹತ್ತಿರ ಗಾಡಿ ತೆಗೆಯುತ್ತಿದ್ದಾರೆ, ಬಸವೇಶ್ವರನಗರದ ಕಡೆ ಹೊರಟವರು. ಹೋಗಿ ಕೇಳಿ, “ಅವಳ ಜಾಗದಲ್ಲಿ ನಿಮ್ಮ ತಂಗಿ ಇದ್ದಿದ್ರೆ ಏನ್ ಹೇಳ್ತಿದ್ರಿ ಸಾರ್?” ಕಿಕ್ ಹೊಡೆಯಲು ಎತ್ತಿದ ಕಾಲು ಇಳಿಸಿ, ಅವರು ವಾದಕ್ಕೆ ನಿಲ್ಲುತ್ತಾರೆ.