ಹೊರಬಿದ್ದವರ ಲೆಕ್ಕ

ಪೋಕರ್ ಟೂರ್ನಮೆಂಟಿನಿಂದ ಔಟಾಗಿ ಬಂದವರು ಕೊನೆಯ ಕೈಯ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಚಿಪ್ಸ್ ಎಲ್ಲ ಹೋದದ್ದು ಆ ಕೈಯಲ್ಲಿ, ಕುರ್ಚಿ ಬಿಟ್ಟೆದ್ದದ್ದು ಆ ಕೈಯಿಂದ. ಆದರೂ ಬಾಯಿ ತೆರೆದರೆ ಬರುವುದು ಟೀ ವಿರಾಮಕ್ಕೂ ಮುಂಚಿನ ಯಾವುದೋ ಆಟ. "ಅಲ್ಲಿ ಕಾಲ್ ಮಾಡಬೇಕಿತ್ತು." ಸಾವಿನ ಮನೆಯಲ್ಲೂ ಹೀಗೇ. ಕೊನೆಯುಸಿರಿನ ಸುದ್ದಿ ಎರಡು ಮಾತಿನಲ್ಲಿ ಮುಗಿಯುತ್ತದೆ. ಯುಗಾದಿ ಹೊತ್ತಿಗೇ ಆ ಡಾಕ್ಟರಿಗೆ ತೋರಿಸಿದ್ದರೆ ಎಂಬುದು ವೈಕುಂಠ ಸಮಾರಾಧನೆಯ ತನಕ ನಡೆಯುತ್ತದೆ.

*

ಪಣಜಿ. ಮಾಂಡೋವಿಯಲ್ಲಿ ನಿಂತ ಕ್ಯಾಸಿನೋ ಹಡಗುಗಳಿಂದ ಜನರನ್ನು ದಡಕ್ಕೆ ತರುವ ಚಿಕ್ಕ ದೋಣಿ. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ ಕನ್ನಡಗಳೆಲ್ಲ ಒಂದೇ ಬೆಂಚಿನ ಮೇಲೆ. ಪಕ್ಕದಲ್ಲಿ ಅಕ್ಕನ ಮಗ, ಈಗಷ್ಟೇ ಬಸ್ಟ್ ಆದವನು. ಬಲಗೈಯಲ್ಲಿ ಹತ್ತು ರೂಪಾಯಿಯ ನಾಲ್ಕು ನಾಣ್ಯ. ಎರಡೆರಡರ ರಾಶಿ ಮಾಡಿ ಒಂದರೊಳಗೊಂದು ತೂರಿಸುತ್ತಾನೆ, ಬಿಡಿಸುತ್ತಾನೆ, ಮತ್ತೆ ತೂರಿಸುತ್ತಾನೆ. ಕಣ್ಣು ನೀರಿನ ಮೇಲಿದೆ. ಬೆರಳುಗಳು ಇನ್ನೂ ಟೇಬಲ್ಲಿನಲ್ಲೇ ಇವೆ.

"ಲಾಸ್ಟ್ ಹ್ಯಾಂಡ್ ಬಿಡಿ ಮಾಮ. ಅದರಲ್ಲಿ ಯೋಚನೆ ಮಾಡೋಕೆ ಏನೂ ಇರಲಿಲ್ಲ."

ಯೋಚನೆಯಿದ್ದದ್ದು ಇಲ್ಲಿ: ಅವನ ಕೈಯಲ್ಲಿ ರಾಣಿ ಜೋಡಿ. ನೆಲದ ಮೇಲೆ ಹತ್ತು, ಏಳು, ಎರಡು, ಆಮೇಲೆ ಒಂದು ರಾಜ. ಸಂಜೆಯಿಡೀ ತುಟಿ ಬಿಚ್ಚದೆ ಕೂತಿದ್ದ ಹಿರಿಯರೊಬ್ಬರು ಉಳಿದದ್ದೆಲ್ಲ ಮುಂದೆ ತಳ್ಳಿದರು. ಅವರು ತಳ್ಳಿದ್ದೂ ಸೇರಿ ಪಾಟಿನಲ್ಲಿ 60,000 ಚಿಪ್ಸ್. ಕಾಲ್ ಮಾಡಲು, ಅಂದರೆ ಕೈ ಬಿಡದೆ ಉಳಿಯಲು, ಇವನು ಹಾಕಬೇಕಾದ್ದು 20,000. ನಾಲ್ಕರಲ್ಲಿ ಒಂದು ಸಲ ಇವನ ರಾಣಿಯರು ಗೆಲ್ಲುವಂತಿದ್ದರೂ ಕಾಲ್ ಮಾಡಿದ್ದು ನಷ್ಟವಾಗುತ್ತಿರಲಿಲ್ಲ. ಇಷ್ಟು ಲೆಕ್ಕ ಅವನಿಗೆ ಅಲ್ಲೇ ಗೊತ್ತಿತ್ತು.

"ಮತ್ತ್ಯಾಕೋ ಒಗೆದೆ?"

"ಅವರು ಸುಮ್ಮನೆ ಕೂತಿದ್ರಲ್ಲ ಮಾಮ. ಅಷ್ಟು ಹೊತ್ತು ಸುಮ್ಮನಿದ್ದೋರು ಸುಳ್ಳು ಹೇಳಲ್ಲ ಅನ್ನಿಸ್ತು."

*

ವಿರಾಮದಲ್ಲಿ ಟೀ ಹಿಡಿದು ನಿಂತಿದ್ದಾಗ ಆ ಹಿರಿಯರನ್ನೇ ಕೇಳಿದನಂತೆ. "ರಾಜ ಇತ್ರೀ" ಅಂದರಂತೆ. ಇವನು ನಂಬಿಲ್ಲ. ಏನೂ ಇರಲಿಲ್ಲ ಅಂದಿದ್ದರೆ ನಂಬುತ್ತಿದ್ದನೇ? ಆಗ ಕೆಣಕಲಿಕ್ಕೆ ಹೇಳಿದರು ಅನ್ನುತ್ತಿದ್ದ. ಒಗೆದ ಮೇಲೆ ಎದುರಿನವನು ಎಲೆ ತೋರಿಸಬೇಕಾಗಿಲ್ಲ. ಡೀಲರ್ ಎರಡೂ ಕೈಯ ಎಲೆಗಳನ್ನು ಎಳೆದುಕೊಂಡು ರಾಶಿಗೆ ಸೇರಿಸಿಬಿಡುತ್ತಾನೆ. ಕಾಲ್ ಮಾಡಿ ಸೋತರೆ ಉತ್ತರವಾದರೂ ಸಿಗುತ್ತದೆ. ಒಗೆದವನಿಗೆ ಅದೂ ಇಲ್ಲ. ಗಂಟೆಗಟ್ಟಲೆ ಕೊರೆಯುವುದು ಫೋಲ್ಡ್ ಮಾಡಿದ ಕೈಗಳೇ ಯಾಕೆ ಎಂಬುದಕ್ಕೆ ನನಗೆ ಸದ್ಯ ಹೊಳೆಯುವ ಕಾರಣ ಇದೊಂದೇ.

*

ಕೊನೆಯ ಕೈಯಲ್ಲಿ ಯೋಚನೆ ಇರುವುದಿಲ್ಲ ಅನ್ನುವುದು ನಿಜ. ಟೂರ್ನಮೆಂಟಿನಲ್ಲಿ ಬ್ಲೈಂಡ್ ಎಂಬ ಕಡ್ಡಾಯದ ಪಣ ಹೊತ್ತುಹೊತ್ತಿಗೆ ಏರುತ್ತದೆ. 2,000-4,000 ಆದಾಗ 30,000 ಇಟ್ಟುಕೊಂಡವನಿಗೆ ಕಾಯುವ ಅವಕಾಶವಿಲ್ಲ. ಎಕ್ಕವೊಂದು ಕಂಡರೆ ಎಲ್ಲ ತಳ್ಳಬೇಕು. ಇವನು ಎಕ್ಕ-ಎಂಟು ತಳ್ಳಿದ, ಗುಲಾಮನ ಜೋಡಿ ಎದುರಾಯಿತು, ಎಕ್ಕ ಬರಲಿಲ್ಲ. ಅಷ್ಟೇ.

*

ಒಗೆದ ಕೈಯ ಉತ್ತರ ಊರಿಗೆಲ್ಲ ಗೊತ್ತಾದ ಒಂದು ಪ್ರಸಂಗ ಉಂಟು. ಲಾಸ್ ವೇಗಸ್, ಬಿನಿಯನ್ಸ್ ಹಾರ್ಸ್‌ಶೂ, 2003ರ ಮೇ. ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮೇನ್ ಈವೆಂಟ್. 839 ಜನರಲ್ಲಿ ಉಳಿದವರು ಇಬ್ಬರು. ಒಬ್ಬರು ಸ್ಯಾಮಿ ಫರ್ಹಾ: ಲೆಬನಾನ್ ಮೂಲದ ಪಳಗಿದ ಆಟಗಾರ, ತುಟಿಯಲ್ಲಿ ಹೊತ್ತಿಸದ ಸಿಗರೇಟು. ಇನ್ನೊಬ್ಬರು ಟೆನೆಸಿಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್: ಟೋಪಿ, ಕಪ್ಪು ಕನ್ನಡಕ, ಆನ್‌ಲೈನ್‌ನಲ್ಲಿ ಗೆದ್ದ ಪ್ರವೇಶ. (ಹೆಸರು ನಿಜವಾದದ್ದೇ. ಕಾದಂಬರಿಯಲ್ಲಿ ಇಟ್ಟಿದ್ದರೆ ಸಂಪಾದಕರು ತೆಗೆಸುತ್ತಿದ್ದರು.)

ನೆಲದ ಮೇಲೆ ಒಂಬತ್ತು, ಎರಡು, ಆರು, ಎಂಟು. ಅದರಲ್ಲಿ ಮೂರು ಇಸ್ಪೀಟು. ಫರ್ಹಾ ಕೈಯಲ್ಲಿ ರಾಣಿ-ಒಂಬತ್ತು, ಅಂದರೆ ಒಂಬತ್ತರ ಜೋಡಿ. ಮನಿಮೇಕರ್ ಕೈಯಲ್ಲಿ ಇಸ್ಪೀಟು ರಾಜ ಮತ್ತು ಒಂದು ಏಳು. ಇನ್ನೊಂದು ಇಸ್ಪೀಟು ಬಿದ್ದಿದ್ದರೆ ಫ್ಲಶ್, ಐದೋ ಹತ್ತೋ ಬಿದ್ದಿದ್ದರೆ ಸ್ಟ್ರೇಟ್. ರಿವರ್ ಎಂಬ ಕೊನೆಯ ಎಲೆಯಾಗಿ ಬಿದ್ದದ್ದು ಕೆಂಪು ಮೂರು. ಕೈಯಲ್ಲಿ ಒಂದು ಜೋಡಿಯೂ ಇಲ್ಲದ ಮನಿಮೇಕರ್ ಆಲ್‌ಇನ್ ಅಂದರು.

ಫರ್ಹಾ ತುಂಬ ಹೊತ್ತು ನೋಡಿದರು. ಫ್ಲಶ್ ತಪ್ಪಿಹೋಯಿತೇನೋ ಎಂದು ಎದುರಿಗೇ ಕೇಳಿದರು. ನನಗೆ ವಿಚಿತ್ರ ಅನ್ನಿಸುವುದು ಇದು. ಊಹೆ ಅಕ್ಷರಶಃ ಸರಿಯಿತ್ತು, ಅದು ಅವರ ಬಾಯಿಂದಲೇ ಬಂದಿತ್ತು, ಆದರೂ ಎಲೆ ಒಗೆದರು. ಹೀಗಿರಬಹುದು ಎಂದು ತಿಳಿಯುವುದಕ್ಕೂ ಇದ್ದದ್ದೆಲ್ಲ ಅದರ ಮೇಲೆ ಇಡುವುದಕ್ಕೂ ನಡುವೆ ಏನಿದೆ? ಧೈರ್ಯ ಎಂದುಬಿಡುವುದು ಸುಲಭ. ಫರ್ಹಾಗೆ ಧೈರ್ಯ ಕಡಿಮೆಯಿತ್ತು ಎಂದು ಆ ಆಟ ಬಲ್ಲವರು ಯಾರೂ ಹೇಳುವುದಿಲ್ಲ. ಇಂಥ ಹೊಸಬನನ್ನು ನಿಧಾನವಾಗಿ ಕರಗಿಸಬಹುದು, ಈಗಲೇ ಯಾಕೆ ಗಂಡಾಂತರ ಎಂಬ ಲೆಕ್ಕವಿದ್ದಿರಬೇಕು. ಅದು ಕೆಟ್ಟ ಲೆಕ್ಕವೂ ಅಲ್ಲ.

ಫರ್ಹಾ ಹೊರಬಿದ್ದ ಕೈ ಬೇರೆ. ಗುಲಾಮ-ಹತ್ತು ಹಿಡಿದಿದ್ದರು, ನೆಲಕ್ಕೆ ಗುಲಾಮ, ಐದು, ನಾಲ್ಕು ಬಂತು, ಚಿಪ್ಸ್ ಎಲ್ಲ ಒಳಗೆ ಹೋಯಿತು. ಮನಿಮೇಕರ್ ಕೈಯಲ್ಲಿದ್ದದ್ದು ಐದು-ನಾಲ್ಕು. ಆ ಕೈಯನ್ನು ಇಂದಿಗೂ ಯಾರೂ ತಪ್ಪೆನ್ನುವುದಿಲ್ಲ. 13 ಲಕ್ಷ ಡಾಲರಿನೊಂದಿಗೆ ಫರ್ಹಾ ಎದ್ದರು, 25 ಲಕ್ಷ ಮನಿಮೇಕರ್‌ಗೆ. ಮುಂದಿನ ವರ್ಷ ಆಡಲು ಬಂದವರು 2,576.

ಟೇಬಲ್ಲಿನಲ್ಲಿ ಅಡಗಿಸಿದ್ದ ಪುಟ್ಟ ಕ್ಯಾಮೆರಾ ಎಲೆಗಳನ್ನು ತೋರಿಸಿದ್ದರಿಂದ ನಮಗೆ ಇದೆಲ್ಲ ಗೊತ್ತು. ಸೋಫಾ ಮೇಲೆ ಕೂತು ಎರಡೂ ಕೈ ಕಾಣುವವನು "ಅಯ್ಯೋ, ಕಾಲ್ ಮಾಡಯ್ಯಾ" ಅನ್ನುವುದರಲ್ಲಿ ಏನು ಹೆಚ್ಚುಗಾರಿಕೆ?

*

ಮನಿಮೇಕರ್ ಅಲ್ಲಿಗೆ ಬಂದದ್ದೇ ಇನ್ನೂ ಸೋಜಿಗ. ಅವರೇ ಹೇಳಿಕೊಂಡಿರುವಂತೆ, ಆನ್‌ಲೈನ್ ಸ್ಯಾಟಲೈಟಿನಲ್ಲಿ, ಅಂದರೆ ದೊಡ್ಡ ಟೂರ್ನಮೆಂಟಿನ ಸೀಟೇ ಬಹುಮಾನವಾದ ಆಟದಲ್ಲಿ, ಮೊದಲ ಮೂವರಿಗೆ ವೇಗಸ್‌ನ 10,000 ಡಾಲರಿನ ಸೀಟು, ನಾಲ್ಕನೆಯವರಿಗೆ 8,000 ಡಾಲರ್ ನಗದು. ಸಾಲವಿದ್ದ ಮನುಷ್ಯ, ಬೇಕೆಂದೇ ನಾಲ್ಕನೆಯವನಾಗಲು ಹವಣಿಸಿದರು. ಸ್ನೇಹಿತನೊಬ್ಬ ಅರ್ಧ ಪಾಲಿಗೆ ದುಡ್ಡು ಹಾಕುತ್ತೇನೆಂದು ಹುರಿದುಂಬಿಸಿದ. ಸೀಟು ಗೆದ್ದ ಮೇಲೆ ಕೈಯೆತ್ತಿದ. 8,000 ಬಯಸಿದ್ದು ತಪ್ಪು ನಿರ್ಧಾರವೇ? ಕ್ರೆಡಿಟ್ ಕಾರ್ಡ್ ಬಾಕಿಯಿದ್ದ ಯಾರಿಗಾದರೂ ನಾನು ಅದನ್ನೇ ಹೇಳುತ್ತಿದ್ದೆ, ಇವತ್ತಿಗೂ.

*

ಸ್ಯಾಟಲೈಟಿನ ಇನ್ನೊಂದು ತಲೆಕೆಳಗು ಲೆಕ್ಕ. ಹತ್ತು ಟಿಕೆಟ್, ಹನ್ನೊಂದು ಜನ ಉಳಿದಿದ್ದಾರೆ. ಮೊದಲನೆಯವನಿಗೂ ಹತ್ತನೆಯವನಿಗೂ ಅದೇ ಟಿಕೆಟ್. ನಿಮ್ಮ ಹತ್ತಿರ ಸಾಕಷ್ಟು ಚಿಪ್ಸ್ ಇದೆ, ಮೂಲೆಯಲ್ಲೊಬ್ಬ ಈಗಲೋ ಆಗಲೋ ಎನ್ನುವಂತಿದ್ದಾನೆ. ಎದುರಿನ ದೊಡ್ಡ ಕುಳ ಆಲ್‌ಇನ್ ಅಂದಾಗ ನಿಮಗೆ ಎಕ್ಕದ ಜೋಡಿ ಬಂದರೂ ಒಗೆಯುವುದೇ ಸರಿ. ಇದಕ್ಕಿಂತ ಒಳ್ಳೆಯ ಎಲೆ ಆಟದಲ್ಲೇ ಇಲ್ಲ. ನಮ್ಮೂರ ಅರಳಿಕಟ್ಟೆಯಲ್ಲಿ ಹೀಗೆ ಎಕ್ಕ ಒಗೆದವನಿಗೆ ಮಾರನೇ ದಿನ ಯಾರೂ ಎಲೆ ಹಾಕುತ್ತಿರಲಿಲ್ಲ.

*

ಫಲ ನೋಡಿ ನಿರ್ಧಾರವನ್ನು ಅಳೆಯಬೇಡಿ ಎನ್ನುತ್ತಾರೆ ಆನಿ ಡ್ಯೂಕ್. ಪೋಕರ್ ಬಿಟ್ಟ ಮೇಲೆ ಇದನ್ನೇ ಪುಸ್ತಕ ಮಾಡಿದರು. ಒಪ್ಪುತ್ತೇನೆ. ಎಕ್ಕದ ಜೋಡಿ ರಾಜನ ಜೋಡಿಯೆದುರು ಐದರಲ್ಲಿ ನಾಲ್ಕು ಸಲ ಗೆಲ್ಲುತ್ತದೆ. ಐದನೆಯದರಲ್ಲಿ ಸೋತವನು ದಡ್ಡನಲ್ಲ. ಆದರೆ ಸಾವಿರಾರು ಕೈ ಆಡಿದಾಗ ಸರಿಹೋಗುತ್ತದೆ ಎಂಬ ಸಮಾಧಾನ ವೃತ್ತಿಪರನಿಗೆ ಸರಿ. 2024ರ ಮೇನ್ ಈವೆಂಟಿಗೆ 10,112 ಪ್ರವೇಶಗಳಿದ್ದವು. ಅದರಲ್ಲಿ ಉಳಿತಾಯ ಒಟ್ಟುಮಾಡಿ ಜೀವಮಾನಕ್ಕೊಮ್ಮೆ ಬಂದವನಿಗೆ ಆ ಸಾವಿರಾರು ಕೈಗಳು ಎಲ್ಲಿಂದ ಬರಬೇಕು?

*

ಕಾನೂನಿಗೂ ಗೊಂದಲ. ಕೌಶಲದ ಆಟವಾಗಿ ಆಡುವ ಪೋಕರ್‌ಗೆ ಲೈಸೆನ್ಸ್ ಬೇಡವೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. 2021ರಲ್ಲಿ ರಾಜ್ಯ ಸರ್ಕಾರ ಹಣವಿಟ್ಟಾಡುವ ಆನ್‌ಲೈನ್ ಆಟ ನಿಷೇಧಿಸಿತು. 2022ರಲ್ಲಿ ಹೈಕೋರ್ಟ್ ಅದನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂದು, ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆಯನ್ನೇ ಬದಿಗಿಟ್ಟು, ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಆಟಗಾರರ ನಿಲುವು ಸರಳ: ಗೆದ್ದ ರಾತ್ರಿ ಕೌಶಲ, ಸೋತ ರಾತ್ರಿ ರಿವರ್ ಎಲೆ.

*

ರೀಎಂಟ್ರಿ ಕೌಂಟರ್ ಪಕ್ಕ ನಿಂತು ನೋಡಿದ್ದು. 20,000 ಚಿಪ್ಸ್‌ನ ಒಂದು ಕಾಲ್‌ಗೆ ಹತ್ತು ನಿಮಿಷ ತಲೆ ಹಿಡಿದು ಕೂತು, ಎದುರಿನವರ ಮುಖ, ಕೈ, ಉಸಿರು ಎಲ್ಲ ಅಳೆದು ನೋಡಿದ ತರುಣ ಬಸ್ಟ್ ಆಗಿ ಎದ್ದ. ನೇರ ಕೌಂಟರಿಗೆ ಬಂದ. ಮತ್ತೆ ಸೇರಲು ಇನ್ನು ಕೆಲವೇ ನಿಮಿಷ ಎಂದು ಪರದೆಯಲ್ಲಿ ಅಂಕಿ ಇಳಿಯುತ್ತಿತ್ತು. ಕಿಸೆಯಿಂದ ಕಾರ್ಡ್ ತೆಗೆದು ಕೊಟ್ಟ. ಅದು ನಿಜವಾದ ದುಡ್ಡು, ತಿಂಗಳ ಸಂಬಳದಲ್ಲಿ ದೊಡ್ಡ ಪಾಲು. ಪಿನ್ ಒತ್ತಲು ಹಿಡಿದಷ್ಟು ಹೊತ್ತೇ ಅವನು ಯೋಚಿಸಿದ್ದು. ಆಮೇಲೆ ದೋಣಿಯಲ್ಲಿ ಅವನು ಗೆಳೆಯರ ನಡುವೆ ಕೂತು ರಾತ್ರಿಯ ಕೈಗಳನ್ನೆಲ್ಲ ಒಂದೊಂದಾಗಿ ಬಿಡಿಸಿದ. ಕೌಂಟರಿನದು ಆ ಪಟ್ಟಿಯಲ್ಲಿ ಬರಲೇ ಇಲ್ಲ, ಗೆಳೆಯರೂ ಕೇಳಲಿಲ್ಲ.